ಉಣ್ಣಿ ಸಂಹಾರ ಮತ್ತು ಗೂಡಿನ ಬಾಗಿಲು

"ಇವತ್ತು ಸಂಜೆಯೊಳಗೆ ಈ ಮನೇಲಿ ಉಣ್ಣಿ ಅನ್ನೋದರ ವಂಶಾನೇ ಇರಲ್ಲ!" ಎಂದು ಪೇಂಟರ್ ನಡುಮನೆಯಲ್ಲಿ ನಿಂತು ಘೋಷಿಸಿದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯ. ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದು ಕೇಳಿ ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಅಳಿಯಂದ್ರೇ, ಮೈ ಹುಷಾರಿದೆ ತಾನೆ?"

ಘೋಷಣೆಗೆ ಕಾರಣವಿತ್ತು. ಅಂದು ಮುಂಜಾನೆ ಹೆಂಡತಿಯ ದಿಂಬಿನ ಮೇಲೆ ಉಣ್ಣಿಯೊಂದು ವಾಯುವಿಹಾರ ಹೊರಟಿತ್ತು. ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದು ಕಂಡ್ರೆ ನಾಯಿ ನಮ್ಮಣ್ಣನ ಗೋಡೌನಿಗೆ. ಅಲ್ಲೇ ಕಾವಲು ಕಾಯ್ಕೊಂಡು ಇರ್ಲಿ!"

ನಾಯಿಯ ಹೆಸರು ದೊರೆ. ಸಂಜೆ ಏಣಿ ಹೊತ್ತು ಬರುವ ಪೇಂಟರನ್ನು ಬೀದಿಯ ತುದಿಗೇ ಓಡಿಬಂದು ಎದುರುಗೊಳ್ಳುವ ಏಕೈಕ ಜೀವ ಅದು. ಅದನ್ನು ಗೋಡೌನಿಗೆ ಕಳಿಸುವುದೇ? ಪ್ರಾಣ ಹೋದರೂ ಇಲ್ಲ!

ಊರವರು ಗೋಡೆಗೆ ಎರಡು ಕೋಟ್ ಹೊಡೆದರೆ ನಮ್ಮ ಪೇಂಟರ್ ಮೂರು ಹೊಡೆಯುವ ಆಸಾಮಿ. ಗೋಡೆಗೆ ಒಪ್ಪುವುದು ನಾಯಿಗೆ ಯಾಕೆ ಒಪ್ಪುವುದಿಲ್ಲ? ನೆಟ್ಟಗೆ ಔಷಧಿ ಅಂಗಡಿಗೆ ನಡೆದ. ಕತ್ತಿಗೆ ಬಿಡುವ ಹನಿ, ಕೊರಳಿಗೆ ಕಟ್ಟುವ ಪಟ್ಟಿ, ನುಂಗಿಸುವ ಮಾತ್ರೆ, ಮೂರನ್ನೂ ಕೇಳಿದ.

"ನಾಯಿ ತೂಕ ಎಷ್ಟು?" ಎಂದ ಅಂಗಡಿಯವನು.

"ಒಳ್ಳೆ ತೂಕದ ನಾಯಿ."

"ಅಯ್ಯಾ, ಎಷ್ಟು ಕೆಜಿ ಅಂತ ಕೇಳಿದ್ದು! ಮೂರನ್ನೂ ಒಟ್ಟಿಗೆ ಹಾಕೋಕೆ ಮುಂಚೆ ಡಾಕ್ಟ್ರನ್ನ ಒಂದು ಮಾತು ಕೇಳಿ."

"ಹುಷಾರಿಲ್ಲದಾಗ ತಾನೆ ಡಾಕ್ಟ್ರು? ನಮ್ಮದು ಕಲ್ಲುಗುಂಡು!"

ಹತ್ತೂವರೆಗೆ ಹಿತ್ತಲಲ್ಲಿ ಸಂಹಾರ ಶುರುವಾಯಿತು. ಕತ್ತಿನ ಹಿಂದೆ ಒಂದೇ ಕಡೆ ಬಿಡಬೇಕಾದ ಹನಿಯನ್ನು ಪೇಂಟರ್ ಕತ್ತಿನಿಂದ ಬಾಲದ ತನಕ ಗೆರೆ ಎಳೆದಂತೆ ಎಳೆದ. ಆಮೇಲೆ ಬ್ರೆಡ್ಡಿನೊಳಗೆ ಮಾತ್ರೆ ಅಡಗಿಸಿ ತಿನ್ನಿಸಿದ. ಕೊನೆಗೆ ಕೊರಳಿಗೆ ಪಟ್ಟಿ ಬಿಗಿದ. ದೊರೆ ಆಗ ತಾನೆ ಪಟ್ಟಾಭಿಷೇಕವಾದ ಗತ್ತಿನಲ್ಲಿ ನಿಂತಿತು.

ಪೇಂಟರಿಗೆ ಕೆಲಸದ ಒಂದು ಚಾಳಿ. ಯಾವ ಮನೆಗೆ ಬಣ್ಣ ಹೊಡೆದರೂ ಡಬ್ಬಿಯ ಚೀಟಿ ಕಿತ್ತು ಬಾಗಿಲ ಹಿಂದೆ ಅಂಟಿಸುತ್ತಾನೆ. ಯಾವ ಕೋಟ್ ಎಷ್ಟು ಗಂಟೆಗೆ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚುತ್ತಾನೆ. ಒಂದು ಒಣಗದೆ ಇನ್ನೊಂದು ಹೊಡೆಯಬಾರದಲ್ಲ! ಇಲ್ಲೂ ಅಷ್ಟೇ. ನಾಯಿಗೂಡಿನ ಬಾಗಿಲಿಗೆ ಮೂರು ಔಷಧಿಗಳ ಚೀಟಿ ಅಂಟಿಸಿ, ಒಂದೊಂದಕ್ಕೂ ಹೊತ್ತು ಬರೆದ.

ಅಷ್ಟರಲ್ಲಿ ಹೆಂಡತಿ ಬಟ್ಟೆ ಒಣಗಿಸಲು ಬಂದಳು.

"ಏನು ಬರೀತಿದೀರಿ? ಉಣ್ಣಿ ಮಾತ್ರೆ ಏಳು ಗಂಟೆಗೇ ನಾನು ಕೊಟ್ಟಾಯ್ತು. ಹೋದ ತಿಂಗಳು ತಂದಿಟ್ಟಿದ್ರಲ್ಲ, ಹಸಿರು ಡಬ್ಬೀದು."

ಪೇಂಟರ್ ಬಾಗಿಲ ಮೇಲಿನ ಚೀಟಿ ತೋರಿಸಿದ. "ನಾನು ಈಗ ಕೆಂಪು ಡಬ್ಬೀದು ಕೊಟ್ಟೆ ಕಣೇ."

"ಅಯ್ಯೋ ನಿಮ್ಮ! ಒಂದು ಮಾತು ಕೇಳ್ಬಾರದಿತ್ತಾ?"

"ನೀನು ಹೇಳ್ಬಾರದಿತ್ತಾ?"

ಈ ಜಗಳದ ನಡುವೆ ದೊರೆ ತಿರುಗಿ ತನ್ನ ಬೆನ್ನನ್ನು ತಾನೇ ನೆಕ್ಕಿತು. ಮರುಕ್ಷಣ ಬಾಯ್ತುಂಬ ನೊರೆ! ಜೊಲ್ಲು ಧಾರಾಕಾರ!

"ಉಣ್ಣಿ ಜೊತೆ ನಾಯೀನೂ ಸಂಹಾರ ಮಾಡ್ಬಿಟ್ರಾ ಅಳಿಯಂದ್ರೇ!" ಎಂದು ಅತ್ತೆ ಎದೆ ಬಡಿದುಕೊಂಡರು.

ಪೇಂಟರ್ ಒಳಗೆ ಓಡಿದ, ಸ್ಕ್ರೂಡ್ರೈವರ್ ತಂದ, ಗೂಡಿನ ಬಾಗಿಲು ಬಿಚ್ಚತೊಡಗಿದ!

"ರೀ! ನಾಯಿ ಎತ್ಕೊಳ್ಳಿ ಅಂದ್ರೆ ಬಾಗಿಲು ಬಿಚ್ತಿದೀರಲ್ಲ! ತಲೆ ಕೆಟ್ಟಿದೆಯಾ?"

"ಡಾಕ್ಟ್ರು ಕೇಳಿದ್ರೆ ನನಗೆ ಬಾಯಿ ಬರಲ್ಲ. ಈ ಹಲಗೆ ಹೇಳುತ್ತೆ. ನಿನ್ನ ಹಸಿರು ಡಬ್ಬಿ ತಾ, ಬೇಗ!"

ಮೆರವಣಿಗೆ ಹೊರಟಿತು. ಮುಂದೆ ನಾಯಿ ಹೊತ್ತ ಪೇಂಟರ್, ಹಿಂದೆ ತಲೆಯ ಮೇಲೆ ಬಾಗಿಲು ಹೊತ್ತ ಹೆಂಡತಿ, ಅವಳ ಹಿಂದೆ ಹಸಿರು ಡಬ್ಬಿ ಹಿಡಿದು ದಾರಿಯುದ್ದಕ್ಕೂ ಬೈಯುತ್ತ ಅತ್ತೆ. ಬೀದಿ ಬೀದಿಯೇ ನಿಂತು ನೋಡಿತು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಏನೇನು ಕೊಟ್ರಿ, ಯಾವಾಗ ಕೊಟ್ರಿ?"

ಪೇಂಟರ್ ಬಾಗಿಲನ್ನು ಮೇಜಿಗೆ ಆನಿಸಿ ನಿಲ್ಲಿಸಿದ. ಡಾಕ್ಟರಮ್ಮ ಓದಿದರು, ಹಸಿರು ಡಬ್ಬಿ ನೋಡಿದರು, ಗಡಿಯಾರ ನೋಡಿದರು.

"ಎರಡು ಡಬ್ಬಿ, ಎರಡು ಹೆಸರು. ಆದ್ರೆ ಒಳಗಿರೋದು ಒಂದೇ ಜಾತಿ ಔಷಧಿ. ಎರಡೂ ಮೈಗೆ ಹತ್ತಿದ್ರೆ ನಡುಕ, ಫಿಟ್ಸ್ ಏನು ಬೇಕಾದ್ರೂ ಬರ್ಬಹುದು. ಕೆಂಪು ಮಾತ್ರೆ ಕೊಟ್ಟು ಇಪ್ಪತ್ತೈದೇ ನಿಮಿಷ ಆಗಿದೆ. ಇನ್ನೂ ಹೊಟ್ಟೇಲೇ ಇದೆ. ಈಗ್ಲೇ ತೆಗೀಬಹುದು!"

ಒಂದು ಸೂಜಿ ಚುಚ್ಚಿದರು. ದೊರೆ ಒಮ್ಮೆ ಕೆಮ್ಮಿತು, ಎರಡು ಸಲ ಬಿಕ್ಕಿತು, ಆಮೇಲೆ ವ್ಯಾಕ್ ಎಂದು ಬ್ರೆಡ್ಡಿನ ಸಮೇತ ಮಾತ್ರೆಯ ಚೂರುಗಳನ್ನು ನೆಲಕ್ಕೆ ಒಪ್ಪಿಸಿತು!

"ಬಂತು! ಬಂತು!" ಎಂದು ಪೇಂಟರ್ ಕುಣಿದ. ವಾಂತಿ ನೋಡಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಆ ಆಸ್ಪತ್ರೆ ಕಂಡಿರಲಿಲ್ಲ.

ಡಾಕ್ಟರಮ್ಮ ಪಟ್ಟಿ ಬಿಚ್ಚಿಸಿದರು, ಬೆನ್ನು ತೊಳೆಸಿದರು. ನೊರೆ ಬಂದದ್ದು ಕಹಿ ಹನಿ ನೆಕ್ಕಿದ್ದರಿಂದ, ಅಷ್ಟೇ. ಸಂಜೆಯ ತನಕ ಕಣ್ಣಿಟ್ಟು ನೋಡಿಕೊಂಡರು. ನಡುಕವಿಲ್ಲ, ಫಿಟ್ಸ್ ಇಲ್ಲ. ದೊರೆ ಬಾಲ ಅಲ್ಲಾಡಿಸುತ್ತ ಪೇಂಟರನ ಮೂಗು ನೆಕ್ಕಿತು.

"ಗೋಡೌನ್ ಮಾತು ಮರೆತುಬಿಡಿ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

ಡಾಕ್ಟರಮ್ಮ ಬಾಗಿಲನ್ನು ಎತ್ತಿ ಹೊರಗೆ ಬೆಂಚಿನಲ್ಲಿ ಕಾದಿದ್ದವರಿಗೆಲ್ಲ ತೋರಿಸಿದರು. "ಕೆಲವು ಔಷಧಿ ಒಟ್ಟಿಗೆ ಹೋಗುತ್ತೆ, ಕೆಲವು ಹೋಗಲ್ಲ. ತೂಕ ನೋಡಿ, ಮೊದಲು ನನ್ನ ಕೇಳಿ. ಆದ್ರೆ ಹೀಗೆ ಚೀಟಿ, ಹೊತ್ತು ಸಮೇತ ತಂದವರು ಇಷ್ಟು ವರ್ಷದಲ್ಲಿ ಇವರೊಬ್ಬರೇ. ನಾಯಿ ಉಳಿದಿದ್ದು ಇದರಿಂದ!"

ಚಪ್ಪಾಳೆ ಬಿತ್ತು! ಗಿಳಿಯ ಪಂಜರ ಹಿಡಿದವನೊಬ್ಬ ಎದ್ದು ನಿಂತು ಕೈಮುಗಿದ. ಪೇಂಟರನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

"ಇನ್ಮೇಲೆ ಬಾಗಿಲು ಬೇಡ, ಈ ಕಾರ್ಡಲ್ಲಿ ಬರೀರಿ," ಎಂದರು ಡಾಕ್ಟರಮ್ಮ. "ಔಷಧಿ ಜವಾಬ್ದಾರಿ ಮನೇಲಿ ಒಬ್ಬರದ್ದೇ ಇರ್ಬೇಕು. ಯಾರದ್ದು?"

ಪೇಂಟರ್ ಧೀರಗಂಭೀರವಾಗಿ ಕೈ ಚಾಚಿದ. ಡಾಕ್ಟರಮ್ಮ ಅವನನ್ನು ದಾಟಿ ಅತ್ತೆಯತ್ತ ನೋಡಿದರು.

"ಅಮ್ಮಾ, ಇವತ್ತು ನೀವೇನು ಕೊಟ್ರಿ ನಾಯಿಗೆ?"

"ಬೈಗುಳ ಬಿಟ್ಟು ಬೇರೇನೂ ಕೊಟ್ಟಿಲ್ಲಮ್ಮ," ಎಂದರು ಅತ್ತೆ.

"ಹಾಗಾದ್ರೆ ನೀವೇ ಸರಿ."

ಅತ್ತೆ ಅಲ್ಲೇ ಕೂತು ಕಾರ್ಡಿನಲ್ಲಿ ಒಂದು ಸಾಲು ಬರೆದು ಅಳಿಯನ ಕೈಗಿತ್ತರು. "ಜೋರಾಗಿ ಓದಿ ಅಣ್ಣಾ, ನಾವೂ ಕಲೀತೀವಿ!" ಎಂದ ಗಿಳಿಯವನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಪೇಂಟರ್ ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಹಿಡಿದು, ಆಸ್ಪತ್ರೆಯೇ ಮೊಳಗುವಂತೆ ಓದಿದ:

"ಅ-ಳಿ-ಯ-ನ... ಕೈ-ಗೆ... ಔ-ಷ-ಧಿ... ಕೊ-ಡ-ಕೂ-ಡ-ದು!"

ಕೊನೆಯ ಅಕ್ಷರ ಬಾಯಿಂದ ಉದುರಿದ ಮೇಲೆಯೇ ಅರ್ಥ ತಲೆಗೆ ಹತ್ತಿದ್ದು.

"ಇನ್ನೊಂದ್ಸಲ ಓದಿ ಅಳಿಯಂದ್ರೇ," ಎಂದರು ಅತ್ತೆ. "ಹಿಂದಿನ ಬೆಂಚಿನವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ!"