ಭಾವನೂ ನಾನೂ ಮೆಟ್ರಿಕ್ಯುಲೇಷನ್ನಿಗೆ ಕೂತದ್ದು

ಪರೀಕ್ಷೆಗೆ ಹೆದರುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಹಲ್ಲೆಲ್ಲ ಉದುರಿ ಮೊಮ್ಮಕ್ಕಳ ನಗೆಗೆ ಗುರಿಯಾಗಿರುವ ಈ ವಯಸ್ಸಿನಲ್ಲೂ ನನ್ನ ಕನಸಿನಲ್ಲಿ ಯಾರೋ ಒಬ್ಬರು ಬೀಜಗಣಿತದ ಪ್ರಶ್ನೆಪತ್ರಿಕೆ ಕೈಗಿಟ್ಟು, ಮೀಸೆ ತಿರುವುತ್ತ ಪಕ್ಕದಲ್ಲೇ ನಿಲ್ಲುತ್ತಾರೆ. ಎದ್ದು ಕೂತು ಬೆವರು ಒರೆಸಿಕೊಳ್ಳುವಾಗ ನನಗೆ ನೆನಪಾಗುವುದು ದೇವರಲ್ಲ, ನಮ್ಮ ಗೌರಕ್ಕನ ಗಂಡ ನರಸಪ್ಪ ಭಾವ. ಗಣಿತವೆಂದರೆ ನಾನು ಓಡಿಹೋಗುತ್ತಿದ್ದೆ. ಭಾವ ಅದರ ಹಿಂದೆ ಓಡುತ್ತಿದ್ದರು. ಅದು ಅವರ ಕೈಗೂ ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಭಾವ ಮೊಳಕಾಲ್ಮೂರಿನ ಶಾಲೆಯಲ್ಲಿ ಮೇಷ್ಟ್ರು. ತಲೆತಲಾಂತರದಿಂದ ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ, ಲಾಳಿ ಬಿಟ್ಟು ಬಳಪ ಹಿಡಿದವರು. ಮೇಷ್ಟ್ರಿಕೆಯಲ್ಲಿ ಮೇಲೆ ಹೋಗಬೇಕಾದರೆ ಮೆಟ್ರಿಕ್ಯುಲೇಷನ್ ಆಗಬೇಕು. ಆ ಪರೀಕ್ಷೆಗೋ ಒಂದು ಕ್ರೂರ ನಿಯಮ: ಒಂದು ವಿಷಯದಲ್ಲಿ ಮುಗ್ಗರಿಸಿದರೆ ಎಲ್ಲವನ್ನೂ ಮತ್ತೆ ಬರೆಯಬೇಕು. ಭಾವ ಪ್ರತಿ ವರ್ಷ ಕಟ್ಟುತ್ತಿದ್ದರು, ಪ್ರತಿ ವರ್ಷ ಗಣಿತದಲ್ಲಿ ಹೋಗುತ್ತಿತ್ತು. ಬೇರೆಯವರಾದರೆ ಮುಖ ಮುಚ್ಚಿಕೊಂಡು ತಿರುಗುತ್ತಿದ್ದರು. ಇವರು ಫಲಿತಾಂಶ ಬಂದ ಮರುದಿನ ತರಗತಿಯಲ್ಲಿ ನಿಂತು, "ಈ ಸಲಾನೂ ನಿಮ್ಮ ಮೇಷ್ಟ್ರು ಫೇಲು ಕಣ್ರೋ. ಯಾರಿಗೆ ಲೆಕ್ಕ ಬರಲ್ವೋ ಅವರು ಮುಂದೆ ಬಂದು ಕೂತ್ಕಳಿ, ಜೊತೆಗೆ ಕಲಿಯಾನ" ಎನ್ನುತ್ತಿದ್ದರಂತೆ.

ನಾನು ಮೊದಲ ಸಲ ಆ ಪರೀಕ್ಷೆಗೆ ಕೂರಬೇಕಾದ ವರ್ಷ ನಮ್ಮಪ್ಪ ನನ್ನನ್ನು ಚಳ್ಳಕೆರೆಯಿಂದ ಗಾಡಿ ಹತ್ತಿಸಿದರು. "ಇಲ್ಲಿದ್ರೆ ನೀನು ಸಂತೇಲಿ ನಿಂತು ಮಾತಾಡ್ತೀಯ. ಪರೀಕ್ಷೆ ಬಳ್ಳಾರಿಯಾಗೆ ಐತೆ, ಅಕ್ಕನ ಮನೆ ದಾರಿಯಾಗೆ ಐತೆ. ಅಲ್ಲೇ ಇದ್ದು ಭಾವನ ಜೊತೆ ಓದ್ಕ" ಅಂದರು. ನಾನು ಹೈಸ್ಕೂಲಿನಲ್ಲಿ ಕಲಿತ ಜಾಣ, ಪಾಪ, ಆ ಹಳೆಯ ಮೇಷ್ಟ್ರಿಗೆ ನಾಲ್ಕು ವಿಷಯ ತೋರಿಸಿಕೊಡೋಣ ಎಂಬ ಜಂಬ ನನಗೂ ಇತ್ತು. ಗಾಡಿ ದಾರಿಯ ತಳಕು ಊರನ್ನು ದಾಟುವ ತನಕ ಭಾವನಿಗೆ ಹೇಗೆ ಪಾಠ ಹೇಳಬೇಕೆಂದೇ ಯೋಚಿಸಿದೆ.

ಜಂಬ ಮೊದಲ ಬೆಳಿಗ್ಗೆಯೇ ಇಳಿಯಿತು. ನಾನು ರೇಖಾಗಣಿತವನ್ನು ಮಂತ್ರದಂತೆ ಉರು ಹೊಡೆದಿದ್ದೆ. ತ್ರಿಕೋಣಕ್ಕೆ ಪುಸ್ತಕದಲ್ಲಿ ಯಾವ ಅಕ್ಷರ ಇಟ್ಟಿದ್ದಾರೋ ಅದೇ ಇರಬೇಕು. ಗಡಗಡನೆ ಒಪ್ಪಿಸಿದೆ. ಭಾವ ಸಂತೋಷದಿಂದ ತಲೆಯಾಡಿಸಿ, ಸ್ಲೇಟಿನಲ್ಲಿ ಆ ತ್ರಿಕೋಣವನ್ನೇ ತಲೆಕೆಳಗಾಗಿ ಬರೆದು, "ಈಗ ಹೇಳಪ್ಪ ಸಿದ್ದ" ಅಂದರು. ನಾನು ಸ್ಲೇಟನ್ನು ತಿರುಗಿಸಲು ಹೋದೆ. ಅವರು ಬಿಡಲಿಲ್ಲ. ನಾನು ತಲೆಯನ್ನೇ ತಿರುಗಿಸಿ ಕೂತೆ. ಆಗಲೂ ಬರಲಿಲ್ಲ. ಭಾವ ನಗಲಿಲ್ಲ. "ನನಗೂ ಹಿಂಗೇ ಆಗಿತ್ತು" ಎಂದು ಮೊದಲಿನಿಂದ ಬಿಡಿಸಿ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಇಷ್ಟು ತಿಳಿದವರು ಫೇಲಾಗುವುದಾದರೂ ಹೇಗೆ ಎಂದು ನನಗೆ ಗಾಬರಿಯಾಯಿತು.

ಕಾರಣ ಆಮೇಲೆ ತಿಳಿಯಿತು. ಭಾವ ಒಂದು ಲೆಕ್ಕ ಮಾಡಿದರೆ ತಾಳೆ ನೋಡುವರು. ತಾಳೆ ಸರಿಹೋದರೆ ಇನ್ನೊಂದು ದಾರಿಯಲ್ಲಿ ಮಾಡಿ ನೋಡುವರು. ಎರಡೂ ಒಂದೇ ಆದರೆ ಹಾಗೇಕೆ ಆಯಿತೆಂದು ಬೆರಗಾಗಿ ಕೂರುವರು. ಅಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆದಿರುತ್ತಿತ್ತು.

ಒಳಗೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದ ಅವರಪ್ಪ ತಿಪ್ಪಯ್ಯನವರಿಗೆ ಇದೆಲ್ಲ ಸಾಕಾಗಿತ್ತು. ಆ ಮನೆಯಲ್ಲಿ ಸಿಟ್ಟು ಬಂದರೆ ತೆಲುಗು. "ಇಂಕಾ ಎನ್ನಾಳ್ಳು ರಾ?" ಇನ್ನೂ ಎಷ್ಟು ದಿವಸವೋ ಎಂದು ಅಲ್ಲಿಂದಲೇ ಕೂಗುವರು. ಪಕ್ಕದಲ್ಲಿ ಮಗನಿಗೆಂದು ಇನ್ನೊಂದು ಮಗ್ಗ ಹೂಡಿಯೂ ಇಟ್ಟಿದ್ದರು. ಈ ಸಲ ಆಗದಿದ್ದರೆ ಪುಸ್ತಕ ಅಟ್ಟಕ್ಕೆ ಹಾಕಿ ಮಗ್ಗಕ್ಕೆ ಇಳಿಯುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರು. ಅದನ್ನು ಹೇಳುವಾಗ ಗೌರಕ್ಕನ ದನಿ ಸಣ್ಣಗಾಯಿತು. "ಲೇ ಸಿದ್ದ, ಮಗ್ಗ ಕೀಳಲ್ಲ ಕಣೋ, ನಾವು ಉಂಡಿದ್ದು ಅದರಾಗೇನೇ. ಆದ್ರೆ ಇವ್ರು ಅದರ ಮುಂದೆ ಕೂತು ಲೆಕ್ಕಾನೇ ಯೋಚಿಸ್ತಾರೆ. ಸೀರೆನೂ ಕೆಡ್ತೈತೆ, ಇವ್ರೂ ಕೆಡ್ತಾರೆ."

ಅಳುತ್ತ ಕೂರುವ ಜಾತಿಯಲ್ಲ ನಮ್ಮಕ್ಕ. ಮುದ್ದೆಗೆ ಎಸರಿಡುವಾಗ ಭಾವನಿಗೆ ಒಂದು ಲೆಕ್ಕ ಶುರುಮಾಡಲು ಹೇಳುವಳು. ಎಸರು ಕುದಿಯಿತೋ, ಬಂದು ಸ್ಲೇಟು ಕಿತ್ತುಕೊಳ್ಳುವಳು. "ಏ, ತಾಳೆ ನೋಡಿಲ್ಲ ಕಣೆ!" ಎಂದು ಭಾವ ಹಿಂದೆ ಬರುವರು. "ದೇವ್ರು ನೋಡ್ಕಂತಾನೆ, ಮುಂದಿನ್ದು ಮಾಡ್ರಿ" ಎಂದು ಅವಳು ಸೆರಗಿನಲ್ಲೇ ಸ್ಲೇಟು ಒರೆಸುವಳು. ಲೆಕ್ಕ ಹೋದ ದುಃಖಕ್ಕೆ ಭಾವ ಮೊದಮೊದಲು ಉಣ್ಣುತ್ತಲೇ ಇರಲಿಲ್ಲ. ಬರಬರುತ್ತ ಎಸರಿಗಿಂತ ಮೊದಲೇ ಮುಗಿಸಿ, ಗೆದ್ದವರಂತೆ ಒಲೆಯ ಹತ್ತಿರ ಬಂದು ನಿಲ್ಲತೊಡಗಿದರು. ಅಕ್ಕ ಮರುದಿನ ನೀರು ಕಡಿಮೆ ಇಟ್ಟಳು. ಮುದ್ದೆ ಗಂಟಾಯಿತು, ಎಲ್ಲರೂ ಗಂಟನ್ನೇ ನುಂಗಿದೆವು.

ಬಳ್ಳಾರಿಯಲ್ಲಿ ಗಣಿತದ ದಿನ ಭಾವ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದರು. ಸುತ್ತ ಮೀಸೆ ಚಿಗುರದ ಹುಡುಗರು, ನಡುವೆ ರುಮಾಲು ಸುತ್ತಿದ ಇವರೊಬ್ಬರು. ಮೇಲ್ವಿಚಾರಕರು ಇವರನ್ನು ಯಾರೋ ಅಧಿಕಾರಿಯೆಂದು ತಿಳಿದು ನಮಸ್ಕಾರ ಮಾಡಿದರು. ಭಾವ ಎದ್ದು, "ಇಲ್ಲ ಸ್ವಾಮಿ, ನಾನೂ ಹುಡುಗನೇ" ಎಂದು ಕೂತರು. ಮೊದಲ ಲೆಕ್ಕ ಮುಗಿಯಿತು. ಅವರ ಲೇಖನಿ ಹಾಳೆಯ ಮೇಲ್ತುದಿಗೆ ಮತ್ತೆ ಹೋಯಿತು. ತಾಳೆ ನೋಡಲು ಹೊರಟರಲ್ಲ ಎಂದು ನನ್ನ ಎದೆ ಹಾರಿತು. ಲೇಖನಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಭಾವ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮುಂದಿನ ಲೆಕ್ಕಕ್ಕೆ ಇಳಿದರು. ಶೂರರ ಕತೆ ಎಷ್ಟೋ ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಅದೊಂದೇ. ಅವರನ್ನು ನೋಡುತ್ತ ಕೂತು ನನ್ನ ಉತ್ತರ ಬರೆಯುವುದೇ ಮರೆತುಹೋಯಿತೆಂದು ಊರಲ್ಲಿ ಹೇಳಿಕೊಂಡಿದ್ದೇನೆ. ನಿಜವಾಗಿ ನನಗೆ ಬರೆಯಲು ಹೆಚ್ಚೇನೂ ತೋಚಿರಲಿಲ್ಲ.

ಫಲಿತಾಂಶದ ಗೆಜೆಟ್ಟು ಬರುವ ಹೊತ್ತಿಗೆ ನಾನು ಮತ್ತೆ ಅಕ್ಕನ ಮನೆಯಲ್ಲಿದ್ದೆ. ಭಾವ ಒಬ್ಬರೇ ತಾಲ್ಲೂಕು ಕಚೇರಿಗೆ ಹೋಗಿ ನೋಡಿಕೊಂಡು ಬಂದರು. ಮುಖದಲ್ಲಿ ಏನೂ ತಿಳಿಯದು. ಕಾಲು ತೊಳೆದು, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದ ಅಕ್ಕನಿಗೆ ಮೆಲ್ಲಗೆ ಹೇಳಿದರು: "ಗೌರೀ, ಸಿದ್ದನ್ನ ಇನ್ನೊಂದು ವರ್ಷ ಇಲ್ಲೇ ಇಟ್ಕಳಾನ. ಇನ್ನು ನಾನು ಓದಬೇಕಾಗಿಲ್ಲವಲ್ಲ, ಅವನಿಗೆ ಹೇಳಿಕೊಡಾಕೆ ಹೊತ್ತು ಸಿಗ್ತೈತೆ."

ಇಬ್ಬರ ಫಲಿತಾಂಶವೂ ಅದರಲ್ಲೇ ಇತ್ತು. ಅಕ್ಕ ಗಂಡನ ಕಡೆ ನೋಡಿ ನಕ್ಕಳು, ನನ್ನ ಕಡೆ ನೋಡಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಮಗ್ಗದ ಸದ್ದು ನಿಂತಿತು. ತಿಪ್ಪಯ್ಯನವರು ಕುಣಿಯಿಂದ ಮೇಲೆ ಬಂದು, ಮಗನ ಭುಜ ಹಿಡಿದು, ಆಯಿತೇನೋ ಎನ್ನುವಂತೆ "ಅಯಿಂದಾ ರಾ?" ಅಂದರು. ಭಾವ ಹೌದೆಂದು ತಲೆಯಾಡಿಸಿದರು. ಮುದುಕರು ಹೂಡಿಟ್ಟಿದ್ದ ಎರಡನೇ ಮಗ್ಗವನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ನೋಡಿದರು. ನಾನು ಸದ್ದಿಲ್ಲದೆ ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋದೆ.

ಆ ವರ್ಷವೆಲ್ಲ ಭಾವ ನನಗೆ ಲೆಕ್ಕ ಕಲಿಸಿದರು. ಅಂಥ ಗುರು ಯಾರಿಗೂ ಸಿಗಲಾರರು. ಮುಂದಿನ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಎಷ್ಟು ಒಳ್ಳೆಯ ಅಂಕ ಬಂತೆಂದರೆ, ಭಾವ ಕಲ್ಲುಸಕ್ಕರೆ ತರಿಸಿ ಬೀದಿಗೆಲ್ಲ ಹಂಚಿದರು. ಆ ಸಲ ನಾನು ಫೇಲಾದದ್ದು ಇಂಗ್ಲಿಷಿನಲ್ಲಿ.