ಒಪ್ಪದಿರಲು ಕಾರಣ ಬರೆಯಿರಿ

ಡಾಕ್ಟರ ಕೋಣೆಯಲ್ಲಿ ವಾರಕ್ಕೊಂದಾದರೂ ನಗುವಂಥದ್ದು ನಡೆಯಲಿಲ್ಲವೆಂದರೆ ಆ ವಾರ ಡಾಕ್ಟರು ರಜೆಯಲ್ಲಿದ್ದರು ಎಂದೇ ಲೆಕ್ಕ. ನನ್ನ ಕೋಣೆಯಲ್ಲಂತೂ ಮೊದಲಿನಿಂದಲೂ ನಡೆಯುತ್ತಲೇ ಇತ್ತು. ಕಂಪ್ಯೂಟರ್ ಬಂದ ಮೇಲೆ ಇನ್ನೂ ಹೆಚ್ಚಾಯಿತು.

ತಿಪಟೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ನೋಡುವ ಡಾಕ್ಟರು ನಾನು. ಹೋದ ವರ್ಷ ನಮ್ಮ ಆಡಳಿತ ಮಂಡಳಿಯವರು ನನ್ನ ಮೇಜಿನ ಮೇಲೆ ಕೃತಕ ಬುದ್ಧಿಮತ್ತೆಯ ಕಂಪ್ಯೂಟರೊಂದನ್ನು ತಂದು ಕೂರಿಸಿದರು. ರೋಗಿಯ ವಿವರ, ರಕ್ತದ ರಿಪೋರ್ಟು, ಎಕ್ಸ್‌ರೇ ಎಲ್ಲ ಅದಕ್ಕೆ ಒಪ್ಪಿಸಿದರೆ ಏನು ಮಾಡಬೇಕೆಂದು ಅದು ಹೇಳುತ್ತದೆ. ಕೆಳಗೆ ಎರಡು ಬಟನ್. ಹಸಿರು ಒತ್ತಿದರೆ ಡಾಕ್ಟರು ಒಪ್ಪಿದರು ಎಂದು. ಕೆಂಪು ಒತ್ತಿದರೆ ಒಪ್ಪಲಿಲ್ಲ ಎಂದು, ಆಗ ‘ಒಪ್ಪದಿರಲು ಕಾರಣ ಬರೆಯಿರಿ’ ಎಂದು ಒಂದು ಚೌಕ ತೆರೆದುಕೊಳ್ಳುತ್ತದೆ.

ಮಂಡಳಿಯ ಕಾರ್ಯದರ್ಶಿಗಳು ಕೆಟ್ಟವರಲ್ಲ, ಹೊಸದೆಂದರೆ ಆಸೆ, ಅಷ್ಟೆ. ‘ಮೂರು ತಿಂಗಳು ನೋಡೋಣ ಮೇಡಂ, ಕೆಂಪು ಬಟನ್‌ನಿಂದ ಉಪಯೋಗ ಇಲ್ಲ ಅನ್ನಿಸಿದರೆ ತೆಗೆಸಿಬಿಡೋಣ’ ಎಂದರು. ಅಂದರೆ ಆಮೇಲೆ ನನಗೆ ಉಳಿಯುವುದು ಹೂಂ ಅನ್ನುವ ಕೆಲಸ. ನನಗೆ ಮೈಯೆಲ್ಲ ಉರಿದುಹೋಯಿತು. ಏನೇ ಆಗಲಿ, ಆ ಬಟನ್ ಹೋಗಲು ಬಿಡುವುದಿಲ್ಲ ಎಂದು ಅವತ್ತೇ ಹಟ ತೊಟ್ಟೆ.

೧. ಚಟ್ನಿಯ ಪ್ರಶ್ನೆ

ಮೊದಲ ದಿನ ಬಂದವರು ಹಾಲ್ಕುರಿಕೆಯ ತೋಟದ ಯಜಮಾನರು. ಸಕ್ಕರೆ ಕಾಯಿಲೆ, ಜೊತೆಗೆ ರಕ್ತದಲ್ಲಿ ಕೊಬ್ಬು. ಕಂಪ್ಯೂಟರ್ ಮಾತ್ರೆಯ ಜೊತೆಗೆ ಇನ್ನೊಂದು ಸಲಹೆ ಕೊಟ್ಟಿತು: ತೆಂಗಿನಕಾಯಿ, ಕೊಬ್ಬರಿ ಸಂಪೂರ್ಣ ನಿಲ್ಲಿಸಿ. ಓದಿ ಹೇಳಿದೆ.

‘ಚಟ್ನಿಗೆ ಏನು ಹಾಕಾದು ಡಾಕ್ಟ್ರಮ್ಮ?’ ಎಂದು ಕೇಳಿದರು.

ದಿನಕ್ಕೆ ಎಷ್ಟು ತಿನ್ನುತ್ತೀರಿ ಎಂದು ವಿಚಾರಿಸಿದೆ. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ಬೀಳುವುದು ಮನೆಮಂದಿಯ ಪಾಲು. ಇವರ ಸ್ವಂತದ್ದು ಮಧ್ಯಾಹ್ನ ಬೆಲ್ಲದ ಜೊತೆ ಮೆಲ್ಲುವ ಒಂದು ಇಡೀ ಹೋಳು ಕೊಬ್ಬರಿ. ಬೆಲ್ಲವನ್ನೂ ಆ ಹೋಳನ್ನೂ ಬಿಡಬೇಕು, ಚಟ್ನಿ ಅರ್ಧ ಮಾಡಬೇಕು, ದಿನಾ ತೋಟ ಎರಡು ಸುತ್ತು ಹಾಕಬೇಕು ಎಂದೆ. ಒಂದು ಸುತ್ತಿಗೆ ಇಳಿಸಲು ನೋಡಿದರು, ನಾನು ಜಗ್ಗಲಿಲ್ಲ. ಆಮೇಲೆ ಕೆಂಪು ಬಟನ್ ಒತ್ತಿ ಕಾರಣ ಬರೆದೆ: ‘ರೋಗಿ ತಿಪಟೂರು ಸೀಮೆಯವರು. ಕಾಯಿ ಪೂರ್ತಿ ನಿಲ್ಲಿಸಿ ಎಂದರೆ ಇವರು ಬಿಡುವುದು ಕಾಯಿಯನ್ನಲ್ಲ, ನನ್ನನ್ನು.’

೨. ಮೇಷ್ಟ್ರ ಪಂಚಾಯ್ತಿ

ಮಾಯಸಂದ್ರದಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಹೊಟ್ಟೆ ಉರಿ. ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದರು. ಅದರಲ್ಲೂ ಒಂದು ಕೃತಕ ಬುದ್ಧಿ ಇದೆಯಂತೆ, ಬಾಯಿಂದ ಕೊಳವೆ ಬಿಟ್ಟು ಹೊಟ್ಟೆಯೊಳಗೆ ತಕ್ಷಣ ನೋಡಿಸಬೇಕು ಎಂದಿದೆಯಂತೆ. ‘ಬರೆದುಕೊಡಿ ಸಾಕು’ ಎಂದರು, ನಾನು ಸಹಿ ಹಾಕಲು ಕುಳಿತಿರುವ ಗುಮಾಸ್ತೆ ಅನ್ನುವಂತೆ.

ನನ್ನ ಕಂಪ್ಯೂಟರನ್ನು ಕೇಳಿದರೆ ಅದು ಎರಡು ವಾರ ಮಾತ್ರೆ ಸಾಕು ಎಂದಿತು. ಮೇಷ್ಟ್ರು ಬಿಡುವ ಆಸಾಮಿಯಲ್ಲ. ಇದು ಹೇಳಿದ್ದನ್ನು ಮೊಬೈಲಿಗೆ ಓದಿ ಹೇಳಿದರು, ಮೊಬೈಲ್ ಹೇಳಿದ್ದನ್ನು ನನ್ನ ಕೈಯಲ್ಲಿ ಕಂಪ್ಯೂಟರಿಗೆ ಬರೆಸಿದರು. ಹೊರಗೆ ಕಾದಿದ್ದ ರೋಗಿಗಳು ಬಾಗಿಲಲ್ಲಿ ಇಣುಕತೊಡಗಿದರು. ಎರಡೂ ಯಂತ್ರಗಳು ಒಂದಕ್ಕೊಂದು ಬಹಳ ಮರ್ಯಾದೆ ಕೊಟ್ಟವು. ಎದುರಿನವರ ಅಭಿಪ್ರಾಯವೂ ಸರಿಯಿರಬಹುದು ಎಂದವು. ಕೊನೆಗೆ ಎರಡೂ ಒಂದೇ ಮಾತಿಗೆ ಬಂದು ನಿಂತವು: ದಯವಿಟ್ಟು ನಿಮ್ಮ ವೈದ್ಯರನ್ನು ಕೇಳಿ.

ಮೇಷ್ಟ್ರಿಗೆ ಬೇಸರವಾಯಿತು. ‘ಎರಡೂ ನಿಮ್ಮನ್ನೇ ಕೇಳು ಅಂತಾವಲ್ರೀ. ನೀವು ಯಾರನ್ನ ಕೇಳ್ತೀರಿ?’

ನಾನು ಮಂಚ ತೋರಿಸಿದೆ. ‘ನಿಮ್ಮ ಹೊಟ್ಟೇನ. ಅಂಗಿ ಮೇಲೆತ್ತಿ ಮಲಗಿ ಮೇಷ್ಟ್ರೇ.’

೩. ಮೆಕ್ಯಾನಿಕ್ ಸಾಹೇಬರು

ಇದನ್ನು ಹೇಳಲು ನನಗೆ ಇಷ್ಟವಿಲ್ಲ. ಆದರೆ ಗೆದ್ದದ್ದನ್ನು ಮಾತ್ರ ಹೇಳಿದರೆ ಅದು ಜಂಬವಾಗುತ್ತದೆ.

ಪೇಟೆಯ ಮೆಕ್ಯಾನಿಕ್ ಸಾಹೇಬರು ಎಡಭುಜ ಹಿಡಿದುಕೊಂಡು ಬಂದರು. ಲಾರಿಯ ಬೋಲ್ಟು ಬಿಚ್ಚುವಾಗ ಉಳುಕಿರಬೇಕು ಎಂದರು. ಇರಬೇಕು ಎಂದು ನಾನೂ ಅಂದೆ. ಕಂಪ್ಯೂಟರ್ ಮಾತ್ರ ಕೂಡಲೇ ಇಸಿಜಿ ಮಾಡಿ ಎಂದಿತು. ನನ್ನ ಕೈ ಆಗಲೇ ಕೆಂಪು ಬಟನ್‌ಗೆ ಒಗ್ಗಿಹೋಗಿತ್ತು. ಒತ್ತಿದೆ. ‘ಇವರನ್ನು ನಾನು ಹತ್ತು ವರ್ಷದಿಂದ ಬಲ್ಲೆ’ ಎಂದು ಬರೆದೆ.

ಸಾಹೇಬರು ಅದೇನು ಬರೆದಿರಿ ಎಂದು ಕೇಳಿದರು. ಹೇಳಿದೆ. ಅವರು ತಲೆ ಆಡಿಸಿ, ‘ನಾನೇ ಟೈಟ್ ಮಾಡಿದ ನಟ್ಟನ್ನ ನಾನೇ ಇನ್ನೊಂದು ಸಾರಿ ನೋಡ್ತೀನಿ ಡಾಕ್ಟರಮ್ಮ. ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?’ ಎಂದರು.

ಮುಖ ಗಂಟಿಕ್ಕಿಕೊಂಡೇ ಇಸಿಜಿ ಮಾಡಿಸಿದೆ. ಆ ಕಾಗದ ನೋಡಿದೆ. ನೋವು ಭುಜದ್ದಲ್ಲ, ಹೃದಯದ್ದು. ಆಂಬುಲೆನ್ಸ್ ಕರೆಸಿ ಹೃದಯದ ಆಸ್ಪತ್ರೆಗೆ ಕಳಿಸಿದೆವು. ಅಂದಿನಿಂದ ಕೆಂಪು ಬಟನ್ ಒತ್ತುವ ಮುಂಚೆ ಹತ್ತು ಎಣಿಸುತ್ತೇನೆ. ಹಟ ಬಿಟ್ಟೆ ಎಂದಲ್ಲ, ಹಟಕ್ಕೂ ಜಂಬಕ್ಕೂ ನಡುವೆ ಒಂದು ಗೆರೆ ಎಳೆದುಕೊಂಡೆ.

ತಿಂಗಳ ಮೇಲೆ ಸಾಹೇಬರು ಗುಣವಾಗಿ ಬಂದು ಕೈ ಮುಗಿದರು. ನನಗಲ್ಲ, ಇದಕ್ಕೆ ಮುಗಿಯಿರಿ ಎಂದು ಕಂಪ್ಯೂಟರ್ ತೋರಿಸಿದೆ. ಅವರು ಎದ್ದು ಹೋಗಿ ಅದರ ಬೆನ್ನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಮುಖ ಗಂಭೀರವಾಯಿತು.

‘ಮೈ ಬಹಳ ಬಿಸಿ ಇದೆ ಡಾಕ್ಟರಮ್ಮ. ಒಳಗೆ ಧೂಳು ಕಟ್ಟಿ ಉಸಿರಾಡೋಕೆ ಆಗ್ತಿಲ್ಲ. ಇದನ್ನೂ ಯಾರಿಗಾದ್ರೂ ತೋರಿಸಿ.’

೪. ಕಾರಣ

ಮೂರು ತಿಂಗಳು ತುಂಬಿದ ದಿನ ಕಾರ್ಯದರ್ಶಿಗಳು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಕೆಂಪು ಬಟನ್ ಇರಬೇಕೋ ಬೇಡವೋ, ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇನೆ ಎಂದರು. ನಾನೂ ಸಿದ್ಧಳಾಗಿಯೇ ಬಂದಿದ್ದೆ.

ಅರಳಗುಪ್ಪೆಯ ಅಜ್ಜಿಯೊಬ್ಬರು ಎರಡು ಮಂಡಿಯನ್ನೂ ಹಿಡಿದುಕೊಂಡು ಒಳಗೆ ಬಂದರು. ಎಕ್ಸ್‌ರೇ ನೋಡಿದೆ, ಮಂಡಿ ಪೂರಾ ಸವೆದಿತ್ತು. ಎರಡಕ್ಕೂ ಆಪರೇಷನ್ ಆಗಬೇಕು ಎಂದು ಕಂಪ್ಯೂಟರ್ ಹೇಳಿತು. ಹತ್ತು ಎಣಿಸಿದೆ. ನನಗೂ ಹಾಗೇ ಅನ್ನಿಸಿತು. ಬಟನ್ ಉಳಿಸಿಕೊಳ್ಳಲು ಸುಳ್ಳು ಹೇಳಲು ಆಗುತ್ತದೆಯೇ? ಹಸಿರು ಒತ್ತಲು ಕೈ ಚಾಚಿದೆ. ಕಾರ್ಯದರ್ಶಿಗಳ ಮುಖ ಅರಳಿತು. ‘ನೋಡಿ ಮೇಡಂ, ಕೊನೆಗೆ ಇಬ್ಬರೂ ಒಂದೇ ಆದಿರಿ’ ಎಂದರು.

ಅಜ್ಜಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ‘ಅದೂ ಒಪ್ತು, ನೀನೂ ಒಪ್ಪಿದೆ ಕಣವ್ವ. ನನ್ನ ಯಾರು ಕೇಳಿದ್ರಿ?’

ನನಗೆ ಕೆನ್ನೆಗೆ ಹೊಡೆದಂತಾಯಿತು. ಮೂರು ತಿಂಗಳು ನನ್ನ ಮಾತು ನಡೆಯಬೇಕೆಂದು ಜಗಳ ಮಾಡಿದವಳು ನಾನು. ಈ ಹೆಂಗಸಿಗೆ ಒಂದು ಬಟನ್ನೂ ಇಲ್ಲ ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಕೈ ಹಿಂದೆ ತೆಗೆದುಕೊಂಡೆ.

ಅಜ್ಜಿ ಕೇಳಿದ್ದು ಒಂದೇ: ಆಪರೇಷನ್ ಆದ ಮೇಲೆ ಕುಕ್ಕರುಗಾಲಲ್ಲಿ ಕೂರಬಹುದಾ? ಕೊಬ್ಬರಿ ಒಡೆಯುವ ಕಡೆ ಅವರಿಗೆ ಹಾಗೆ ಕೂತೇ ಕೆಲಸವಂತೆ. ನೋವು ಕಡಿಮೆಯಾಗುತ್ತದೆ, ಚೆನ್ನಾಗಿ ನಡೆಯಬಹುದು, ಹಾಗೆ ಮಾತ್ರ ಕೂರಬಾರದು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿ, ಹಂಗಾದ್ರೆ ಈಗ ಬ್ಯಾಡ, ತಡೀಲಾರದ ದಿವಸ ನಾನೇ ಬತ್ತೀನಿ ಅಂದರು. ಎರಡು ಸಾರಿ ಕೇಳಿದೆ, ಎರಡು ಸಾರಿಯೂ ಅದೇ ಉತ್ತರ. ಕೆಂಪು ಬಟನ್ ಒತ್ತಿ, ಕಾರಣ ನೀವೇ ಬರೆಯಿರಿ ಎಂದು ಕೀಬೋರ್ಡನ್ನು ಕಾರ್ಯದರ್ಶಿಗಳ ಮುಂದೆ ತಳ್ಳಿದೆ.

ಅವರು ‘ಬೇಡವಂತೆ’ ಎಂದು ಬರೆದರು. ಕಾರಣ ಸಾಲದು, ವಿವರಿಸಿ ಎಂದಿತು ಕಂಪ್ಯೂಟರ್. ಅವರು ಅಜ್ಜಿಯ ಕಡೆ ತಿರುಗಿದರು.

‘ಕಾಲು ನಂದು ಅಂತ ಬರಿಯಪ್ಪ.’

ಬರೆದರು. ಮತ್ತೆ ಅದೇ, ಕಾರಣ ಸಾಲದು.

‘ಹಂಗಾದ್ರೆ ಬಿಡಿಸಿ ಬರಿ. ಎಡಗಾಲು ನಂದು. ಬಲಗಾಲೂ ನಂದೇ. ಇನ್ನೂ ಸಾಲ್ದು ಅಂದ್ರೆ ಹೇಳು, ಕೈ ಬೇರೆ ಎರಡವೆ.’

ಕಾರ್ಯದರ್ಶಿಗಳು ಒಂದಕ್ಷರ ಬಿಡದೆ ಬರೆದರು. ಈ ಸಾರಿ ಕಾರಣ ಸ್ವೀಕರಿಸಲಾಗಿದೆ ಎಂದು ಬಂತು. ಅವರು ಆ ಅಕ್ಷರಗಳನ್ನು ಇನ್ನೊಮ್ಮೆ ಓದಿ, ಕೆಂಪು ಬಟನ್ ಇರಲಿ ಮೇಡಂ, ಇನ್ನು ಮೇಲೆ ಅದನ್ನು ರೋಗಿಯನ್ನೂ ಕೇಳಿ ಒತ್ತಿ ಎಂದರು. ಬಟನ್ ಉಳಿದದ್ದು ನಿಮ್ಮಿಂದ ಅಜ್ಜಿ ಎಂದೆ.

‘ಉಳಿಸ್ಕಳ್ರಿ, ಬುಡಿ’ ಎಂದರು ಅಜ್ಜಿ. ‘ನನ್ನ ಮಂಡಿಗೆ ಈಗ ಏನಾರ ಔಷ್ದಿ ಕೊಡ್ತೀರೋ, ಇಲ್ಲಾ ನೋಯ್ತಾ ಇರಾಕೂ ಕಾರಣ ಬರೀಬೇಕೋ?’