ಮನೆ ತಡವಾಗುವುದು ಯಾಕೆ? ನಮ್ಮ ಸೊಸೆಯ ಸಂಶೋಧನೆ

"ಜೂನ್ ಹದಿನಾಲ್ಕು: ಸೊಸೆ ಅರೆಕೆರೆಗೆ ಸಂಶೋಧನೆಗೆ ಹೋದಳು. ಬೈಸಿಕೊಂಡು, ಸೀಬೆಹಣ್ಣು ಹಿಡಿದು ಬಂದಳು." ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಆ ವರ್ಷಗಳ ಯಾವ ಪುಟ ತೆಗೆದರೂ ಇಂಥದ್ದೇ ಒಂದು ಸಿಗುತ್ತದೆ.

ನಾನು ಆ ಕಾಲದ ಬಿ.ಎಸ್ಸಿ. ಜಯನಗರದ ನಮ್ಮ ಮನೆಗೆ ಮೊದಲ ಡಾಕ್ಟರೇಟ್ ತರಲು ಹೊರಟವಳು ಸೊಸೆ. ಬೆಂಗಳೂರಿನಲ್ಲಿ ಮನೆ ಕಟ್ಟುವುದು ಯಾಕೆ ತಡವಾಗುತ್ತದೆ ಎಂಬುದು ಅವಳ ವಿಷಯ. ಐದು ಮನೆಗಳನ್ನು ಗುದ್ದಲಿ ಪೂಜೆಯಿಂದ ಗೃಹಪ್ರವೇಶದವರೆಗೆ ನೋಡಿ ಬರೆಯಬೇಕು. ಪ್ರಬಂಧ ಮುಗಿದರೆ ಮಾತ್ರ ಅವಳ ಕಾಲೇಜಿನ ಕೆಲಸ ಕಾಯಂ.

೧. ಬಟ್ಟೆ ಒಣಗುವ ಜಾಗ

ಅರೆಕೆರೆಯ ಮಾಲೀಕರು ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಫೈಲು ಹಿಡಿದ ಸೊಸೆಯನ್ನು ಕಾರ್ಪೊರೇಷನ್‌ನವಳೆಂದುಕೊಂಡು ರೇಗಿಬಿಟ್ಟರು.

"ನಾಲ್ಕನೇ ಫ್ಲೋರ್ ಅಲ್ಲ ಮೇಡಂ ಅದು, ಬಟ್ಟೆ ಒಣಗ್ಹಾಕೋ ಜಾಗ!"

"ಒಳಗೆ ಅಡುಗೆಮನೆ ಕಾಣ್ತಿದೆಯಲ್ಲ ಸಾರ್?"

"ಬಟ್ಟೆ ಒಣಗೋವರೆಗೆ ಕಾಫಿ ಬೇಡ್ವಾ?"

ಓದುವ ಹುಡುಗಿ ಎಂದು ತಿಳಿದ ಮೇಲೆ ಹಿತ್ತಲ ಸೀಬೆ ಕಿತ್ತುಕೊಟ್ಟು, "ಕಾಲೇಜಲ್ಲಿ ಹೇಳಮ್ಮ, ನಾಲ್ಕನೇ ಫ್ಲೋರು ಬಾಡಿಗೆಗಿದೆ" ಎಂದರು.

೨. ಎರಡನೇ ಅಧ್ಯಾಯ

ತ್ಯಾಗರಾಜನಗರದ ನನ್ನ ಚಿಕ್ಕಮ್ಮನಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಒಂದೇ ಚಿಂತೆ. "ಇಷ್ಟು ಓದಿ ಸೈಟ್ ಬ್ರೋಕರ್ ಆಗ್ಬೇಕೇನೇ?"

"ಬ್ರೋಕರ್ ಅಲ್ಲ ಅಜ್ಜಿ, ಮನೆ ಯಾಕೆ ಬೇಗ ಮುಗಿಯಲ್ಲ ಅಂತ ಕಂಡುಹಿಡೀತೀನಿ."

"ಅದಕ್ಕೆ ವರ್ಷಗಟ್ಟಲೆ ಓದಬೇಕಾ? ನಿಮ್ಮ ಮಾವನ್ನೇ ಕೇಳು. ಈ ಮನೆ ಕಟ್ಟೋವಾಗ ಅಡುಗೆಮನೆ ಬಾಗಿಲನ್ನ ಮೂರು ಸಲ ಒಡೆಸಿದ!"

ನಮ್ಮ ಯಜಮಾನರು ಪೇಪರಿನಿಂದ ಮುಖ ಮುಚ್ಚಿಕೊಂಡರು. ಮನೆ ಮಾಲೀಕರು ಮನಸ್ಸು ಬದಲಾಯಿಸುವ ಬಗ್ಗೆ ಸೊಸೆ ಅಂದೇ ಬರೆಯಲು ಕೂತಳು. ಅದೇ ಪ್ರಬಂಧದ ಎರಡನೇ ಅಧ್ಯಾಯವಾಯಿತು.

೩. ಐದನೇ ಮನೆ

ನಾಲ್ಕು ಮನೆಗಳು ಅಚ್ಚುಕಟ್ಟಾಗಿ ತಡವಾದವು. ಐದನೆಯದು ಬಿಟಿಎಂ ಲೇಔಟ್‌ನಲ್ಲಿ. ಮೇಸ್ತ್ರಿ ಉತ್ತರ ಕರ್ನಾಟಕದವರು. ಸೊಸೆ ವಾರಕ್ಕೆರಡು ಸಲ ಹೋಗಿ ಬರೆದುಕೊಳ್ಳುವಳು. ನಾನು ಕೆಲಸದವರಿಗೆಲ್ಲ ಚಿತ್ರಾನ್ನ ಕಟ್ಟಿ ಕಳಿಸುತ್ತಿದ್ದೆ.

ಅಲ್ಲಿ ಮರಳು ಹೊತ್ತಿಗೆ ಬಂತು. ಗಾರೆಯವರು ಹಬ್ಬಕ್ಕೂ ಊರಿಗೆ ಹೋಗಲಿಲ್ಲ. ಹೇಳಿದ ದಿನಕ್ಕಿಂತ ಮೊದಲೇ ಗೃಹಪ್ರವೇಶವಾಗಿಬಿಟ್ಟಿತು! ಸೊಸೆ ಅಳುಮುಖ ಮಾಡಿಕೊಂಡು ಕೇಳಿದಳು, "ಇಷ್ಟು ಬೇಗ ಹೇಗೆ ಅಣ್ಣ?"

ಮೇಸ್ತ್ರಿ ಎದೆಯುಬ್ಬಿಸಿ ಹೇಳಿದರು: "ನಮ್ಮ ಕೆಲಸದ ಮ್ಯಾಲೆ ನಿಮ್ಮ ಪರೀಕ್ಷಾ ಐತಿ ಅಂದ್ರಲ್ರಿ ಮೇಡಮ್ಮಾರ. ತಡಾ ಆದ್ರ ಮಾರ್ಕ್ಸ್ ಕಟ್ ಮಾಡ್ತಾರ ಅಂತ ಐತವಾರನೂ ದುಡಿದ್ವಿ. ಅತ್ತಿಯವರ ಚಿತ್ರಾನ್ನ ಉಂಡು ನಿಮ್ಮನ್ನ ಫೇಲ್ ಮಾಡಾಕ ಆಗತೈತೇನ್ರಿ?"

ಅವಳ ಪಿಎಚ್.ಡಿ. ಗೈಡ್ ಇದನ್ನು ಕೇಳಿ ತಲೆ ಹಿಡಿದುಕೊಂಡರು. "ನಿಮಗೋಸ್ಕರ ಬೇಗ ಮುಗಿಸಿದ ಮನೆ ಲೆಕ್ಕಕ್ಕಿಲ್ಲ. ಇನ್ನೊಂದು ಮನೆ ಹುಡುಕಿ. ಚಿತ್ರಾನ್ನ ಕೊಡಬೇಡಿ."

ಸೊಸೆ ಬನಶಂಕರಿಯಲ್ಲಿ ಮತ್ತೊಂದು ಪಾಯದಿಂದ ಶುರುಮಾಡಿದಳು. ಕಾಲೇಜಿನವರು ದೊಡ್ಡ ಮನಸ್ಸು ಮಾಡಿ ಕಾದರು. ಡಾಕ್ಟರೇಟ್ ಬಂತು, ಕೆಲಸ ಕಾಯಂ ಆಯಿತು. ನಮ್ಮ ಹುಡುಗಿಗಾಗಿ ರಜೆ ಬಿಟ್ಟು ದುಡಿದ ಆ ಮೇಸ್ತ್ರಿ ಮತ್ತು ಅವರ ಜನಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಅವರ ಪ್ರೀತಿಯ ಲೆಕ್ಕ ಕೊನೆಗೆ ಇಷ್ಟು: ಮನೆ ಹದಿನೆಂಟು ದಿನ ಮುಂಚೆ ಮುಗಿಯಿತು, ವಿಳಂಬದ ಬಗ್ಗೆ ಬರೆದ ಪ್ರಬಂಧ ಹದಿನಾಲ್ಕು ತಿಂಗಳು ತಡವಾಯಿತು.